ಕರಿಕೋಟು ಬಿಟ್ಟ ಮಂಜು

"ಏನ್ಲಾ ಮಂಜ, ಜನುಕ್ಕೆ ಜಗಳ ತಂದಿಕ್ಕೋ ಕೆಲ್ಸವಾ ನಿಂದು?"

ಹೋದ ತಿಂಗಳು ನಮ್ಮ ಮಂಡ್ಯದ ಗುತ್ತಲಿನಲ್ಲೇ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳಿಸುವ ಹಾಗೆ ಈ ಪ್ರಶ್ನೆ ಎಸೆದವರು ನಮ್ಮ ಸೋದರತ್ತೆ ಚಿಕ್ಕತಾಯಮ್ಮ. ಎಸೆಸಿಕೊಂಡವನು ನನ್ನ ತಮ್ಮ ಮಂಜುನಾಥ. ಪಾಪ, ಅವನ ಬಾಯಲ್ಲಿ ಹೋಳಿಗೆ ಇತ್ತು.

ಅತ್ತೆಯ ತಪ್ಪೇನಿಲ್ಲ. ಮೊದಲು ನನ್ನನ್ನು ಮೆಲ್ಲಗೇ ಕೇಳಿದ್ದರು. "ಎಲ್ಲವ್ವಾ ಕೆಲ್ಸ ಇವುನ್ಗೆ?" ಬೆಂಗಳೂರಿನ ಒಂದು ಲಾ ಫರ್ಮಿನಲ್ಲಿ ಅಂದೆ. "ಓ, ಲಾಯ್ರು!" ಲಾಯರ್ ಅಲ್ಲ ಅತ್ತೆ. "ಮತ್ತೇನು, ಗುಮಾಸ್ತ್ನಾ?" ಗುಮಾಸ್ತನೂ ಅಲ್ಲ, ಬಿಸ್ನೆಸ್ ಡೆವಲಪ್‌ಮೆಂಟ್. ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು. ಲಾಯರುಗಳ ಬಿಸ್ನೆಸ್ ಅಂದರೆ ಜಗಳ. ಅದನ್ನು ಡೆವಲಪ್ ಮಾಡುವುದು ಅಂದರೆ ಏನು? ಆ ಲಾಜಿಕ್‌ನಲ್ಲಿ ಎಲ್ಲಿ ತೂತಿದೆ, ನೀವೇ ಹೇಳಿ.

(ನಾನು ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುವವಳು. ಮಾರ್ಕೆಟಿಂಗ್ ಪಾಠವನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಆದರೂ ತಮ್ಮನ ಕೆಲಸ ಇಂಥದ್ದು ಅಂತ ಆವತ್ತು ನನ್ನ ಬಾಯಲ್ಲಿ ಒಂದು ನೆಟ್ಟಗಿನ ವಾಕ್ಯ ಹೊರಡಲಿಲ್ಲ.)

ಮಂಜು ಹೋಳಿಗೆ ನುಂಗಿ, ನೀರು ಕುಡಿದು, ನಿಧಾನವಾಗಿ ಶುರು ಮಾಡಿದ. ಅವನು ಮಾತಾಡುವುದೇ ನಿಧಾನ. ಚಿಕ್ಕಂದಿನಿಂದ ತೊದಲು. ‘ವ’, ‘ಮ’ ಬಂದ ಕಡೆ ನಾಲಿಗೆ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಹೊರಡುತ್ತದೆ.

"ನಮ್ ಆಫೀಸಲ್ಲಿ ಬಾಳ ಜನ ವ... ವಕೀಲ್ರವ್ರೆ ಅತ್ತೆ. ಒಬ್ರು ಜಮೀನಿಂದು ನೋಡ್ತಾರೆ, ಒಬ್ರು ಟ್ಯಾಕ್ಸು, ಒಬ್ರು ಫ್ಯಾಕ್ಟ್ರಿ ವಿಷ್ಯ. ಕಂಪ್ನಿಯೋರು ನಮ್ಮತ್ರ ಬತ್ತಾರೆ. ಅವ್ರ ಕಷ್ಟ ಏನು, ಅದುಕ್ಕೆ ನಮ್ಮಲ್ಲಿ ಯಾರು ಸರಿ, ನೋಡಿ ಸೇರ್ಸೋದು ನಾನು. ಕೆಲ್ಸ ನೆಟ್ಟಗೆ ಮಾ... ಮಾಡ್ಕೊಟ್ರಾ ಅಂತ ಆಮೇಲೆ ಕೇಳೋದೂ ನಾನೇ."

"ಅಂಗಂದ್ರೆ ಗಂಡು ಎಣ್ಣು ತೋರ್ಸೋ ಕೆಲ್ಸ ಅನ್ನು," ಅಂದರು ಅತ್ತೆ. ಸಾರು ಬಡಿಸುವವನನ್ನು ಕರೆದರು. ವಿಷಯ ಮುಗಿಯಿತು.

ಆಮೇಲೆ ಯೋಚಿಸಿದರೆ ಅತ್ತೆ ಹೇಳಿದ್ದು ಬಹಳ ದೂರ ಹೋಗಿರಲಿಲ್ಲ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ‘ಒಂದು ಕೇಸು ಗೆದ್ದರೆ ಇನ್ನೊಂದು ಫ್ರೀ’ ಅಂತ ಬಸ್ಸಿನ ಹಿಂದೆ ಬರೆಸುವಂತಿಲ್ಲ. ಬನ್ನಿ ಬನ್ನಿ ಅಂತ ಕರೆಯುವಂತೆಯೇ ಇಲ್ಲ. ಹಾಗಿದ್ದ ಮೇಲೆ ದೊಡ್ಡ ಫರ್ಮುಗಳಿಗೆ ಜನ ಬರುವುದು ಹೇಗೆ? ಬಂದವರು ಉಳಿಯುವುದು ಹೇಗೆ? ಮಂಜುವಿನಂಥವರಿಗೆ ಸಂಬಳ ಹುಟ್ಟುವುದು ಆ ‘ಹೇಗೆ’ಯಲ್ಲಿ. ಒಂದು ಕಂಪನಿ, ‘ನಾವು ನಿಮ್ಮ ಹತ್ತಿರವೇ ಯಾಕೆ ಬರಬೇಕು?’ ಅಂತ ಕೇಳಿದರೆ ಅದಕ್ಕೆ ಉತ್ತರ ಬರೆಯುವವನು ಇವನು. ಸಹಿ ವಕೀಲರದು. ಮೀಟಿಂಗಿನಲ್ಲಿ ಮಾತಾಡುವವರೂ ಅವರೇ. ಇವನು ಮೂಲೆಯ ಕುರ್ಚಿಯಲ್ಲಿ ಕೂತು, ಬಂದವರ ಮುಖ ನೋಡುತ್ತಾ ಇರುತ್ತಾನಂತೆ. ಬೆಳಗಿನ ರೈಲಿಗೆ ಮಂಡ್ಯ ಬಿಟ್ಟರೆ ಸಂಜೆಯ ರೈಲಿಗೆ ವಾಪಸ್ಸು. ನಮ್ಮ ಮನೆಯ ಮಹಡಿಯಲ್ಲೇ ಅವನ ಸಂಸಾರ.

ಇದನ್ನೆಲ್ಲ ಇಷ್ಟು ವಿವರವಾಗಿ ನಾನು ತಿಳಿದುಕೊಂಡದ್ದು ಈಚೆಗೆ. ಗೃಹಪ್ರವೇಶದ ಮರುವಾರ ಮದ್ದೂರಿನಿಂದ ಒಂದು ಫೋನ್ ಬಾರದೇ ಹೋಗಿದ್ದರೆ, ಈಗಲೂ ತಿಳಿಯುತ್ತಿರಲಿಲ್ಲ.

ಫೋನ್ ಮಾಡಿದವರು ಜಯಮ್ಮ. ನಂಜೇಗೌಡ ವಕೀಲರ ಹೆಂಡತಿ. ಗೌಡರು ಯಾರು ಅಂತ ಹೇಳದೆ ಮುಂದೆ ಹೋಗಲಾರೆ.

ಮಂಜು ಓದಿದ್ದು ಲಾ. ಓದು ಮುಗಿದ ಮೇಲೆ ಕರಿಕೋಟು ಹಾಕಿಕೊಂಡು ಮದ್ದೂರಿನಲ್ಲಿ ಗೌಡರ ಹತ್ತಿರ ಜೂನಿಯರ್ ಆಗಿ ಸೇರಿದ. ತೊದಲುವ ಹುಡುಗನನ್ನು ಯಾವ ಸೀನಿಯರ್ ಸೇರಿಸಿಕೊಳ್ಳುತ್ತಾರೆ? ಇಬ್ಬರು ಮೂವರು ಮರ್ಯಾದೆಯಾಗಿಯೇ ಸಾಗಹಾಕಿದ್ದರು. ಗೌಡರು, "ನಾಲ್ಗೆ ನಿಂತ್ಕೊಂಡ್ರೆ ನಾನಿಲ್ವೇನ್ಲಾ, ಬಾ ಕುಂತ್ಕೊ," ಅಂದರು.

ಹೇಳಿದ ಹಾಗೇ ನಡೆದುಕೊಂಡರು. ಕೋರ್ಟಿನಲ್ಲಿ ಇವನು ಒಂದು ಅಕ್ಷರದ ಮೇಲೆ ನಿಂತರೆ ಸಾಕು, ಹಿಂದಿನ ಕುರ್ಚಿಯಿಂದ ಗೌಡರು ಎದ್ದು ಆ ವಾಕ್ಯವನ್ನು ಮುಗಿಸಿಬಿಡುತ್ತಿದ್ದರು. ಕೋರ್ಟಿನಲ್ಲಷ್ಟೇ ಅಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ ಇವನು "ವ..." ಅಂದರೆ ಗೌಡರು "ಅವುನ್ಗೊಂದು ವಾಂಗೀಬಾತ್ ಕೊಡಪ್ಪಾ" ಅನ್ನುತ್ತಿದ್ದರು. ಇವನಿಗೆ ಬೇಕಿದ್ದದ್ದು ವಡೆ. ಮದ್ದೂರಿನಲ್ಲೇ ಕೂತು, ವಡೆ ಮುಟ್ಟದೆ, ವರ್ಷಗಟ್ಟಲೆ ವಾಂಗೀಬಾತ್ ತಿಂದವನು ಪ್ರಪಂಚದಲ್ಲಿ ನನ್ನ ತಮ್ಮ ಒಬ್ಬನೇ ಇರಬೇಕು.

ಆಮೇಲೆ ಒಂದು ದಿನ ಕೋಟು ಬಿಚ್ಚಿಟ್ಟ. ಬೆಂಗಳೂರಿನ ಫರ್ಮಿಗೆ ಸೇರಿದ. ಯಾಕೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಗೊತ್ತಿತ್ತಲ್ಲ! ಮಾತು ಕೈಕೊಟ್ಟಿತು. ಪಾಪ, ಲಾಯರ್ ಆಗಬೇಕಿದ್ದ ಹುಡುಗ, ಲಾಯರುಗಳಿಗೆ ಚೀಟಿ ಬರೆದುಕೊಡುವ ಹಾಗಾಯಿತು. ನಮ್ಮಮ್ಮ ಕೊನೆಯವರೆಗೂ ಬಂದವರ ಹತ್ತಿರ ಇದನ್ನೇ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೌಡರು ಇವನ ಜೊತೆ ಮಾತು ನಿಲ್ಲಿಸಿದರು. ಜಗಳವಲ್ಲ. ಯುಗಾದಿಗೆ ಇವನು ಮೆಸೇಜ್ ಹಾಕುತ್ತಿದ್ದ, ಅತ್ತ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಹತ್ತು ವರ್ಷದ ಮೇಲಾಗಿತ್ತು.

"ಪುಟ್ಟಿ, ಮಂಜುನ್ನ ಒಂದ್ಕಿತ ಕಳ್ಸವ್ವ," ಅಂದರು ಜಯಮ್ಮ. "ನಮ್ ಸಾಹೇಬ್ರಿಗೆ ಕಣ್ಣು ಓಯ್ತಾ ಐತೆ."

ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಂದಿದ್ದಾರಂತೆ ಡಾಕ್ಟರು. ಗೌಡರು ತಮ್ಮ ಕೇಸುಗಳನ್ನೆಲ್ಲ ಒಬ್ಬೊಬ್ಬರಿಗೆ ವಹಿಸಿದ್ದಾರೆ. ಒಂದು ಉಳಿದಿದೆ. ಮಳವಳ್ಳಿಯ ಸುಜಾತ ಸಿಸ್ಟರದು.

"ಆಯಮ್ಮ ಬ್ಯಾರೆ ವಕೀಲ್ರು ಬ್ಯಾಡವೇ ಬ್ಯಾಡ ಅಂತಾವ್ಳೆ. ಇವ್ರು ಕಣ್ಣಿನ್ ವಿಸ್ಯ ಯೋಳಿಲ್ಲ. ‘ವಯಸ್ಸಾಯ್ತು, ಬ್ಯಾರೇರ್ ನೋಡ್ಕೊ’ ಅಂತ ಫೋನಲ್ಲಿ ಅಂದವ್ರೆ. ಅವ್ಳು ‘ನಿಮ್ಗೆ ವಯಸ್ಸಾದ್ರೆ ನಂಗೇನ್ ಕಮ್ಮಿಯಾಗೈತಾ ಸಾ’ ಅಂದವ್ಳೆ. ವಾಯ್ದೆ ಅತ್ರ ಬಂತು. ಇವ್ರು ರಾತ್ರಿಯೆಲ್ಲ ಒಳ್ಳಾಡ್ತಾರೆ. ಮಂಜು ದಿನಾ ಇಂಥ ಕೆಲ್ಸಾನೇ ಮಾಡೋದಂತಲ್ಲವ್ವ?"

ಸುಜಾತ ಸಿಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು. ಸಂಬಳದಲ್ಲಿ ಉಳಿಸಿ ಊರ ಹೊರಗೆ ತುಂಡು ಜಮೀನು ಕೊಂಡಿದ್ದರು. ಪಕ್ಕದವನು ದಾರಿಗೆ ಬೇಲಿ ಹಾಕಿದ. ಜಮೀನು ಇದೆ, ಹೋಗುವ ಹಾಗಿಲ್ಲ. ಕೇಸು ನಡೆದು ಇವರ ಕಡೆ ಆಯಿತು. ಅವನು ಅಪೀಲು ಹಾಕಿದ. ಅದೀಗ ಮಂಡ್ಯದ ಕೋರ್ಟಿನಲ್ಲಿದೆ.

ಸಂಜೆ ರೈಲಿಳಿದು ಬಂದ ಮಂಜುವಿಗೆ ವಿಷಯ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತುಬಿಟ್ಟ. "ಶನಿವಾರ ಹೋಗೋಣ ಅಕ್ಕ," ಅಂದ. ಅಷ್ಟೇ.

ಹೊರಟೆವು. ದಾರಿಯಲ್ಲಿ ಗೌಡರನ್ನು ಹತ್ತಿಸಿಕೊಂಡು ಮಳವಳ್ಳಿಗೆ ಹೋಗುವುದು ಅಂತ. ಕಾರಿಗೆ ನಾನು ಡ್ರೈವರ್. (ಮಂಜುವಿಗೂ ಓಡಿಸಲು ಬರುತ್ತದೆ. ಅವನು ಓಡಿಸಿದರೆ ನನಗೆ ದೇವರು ನೆನಪಾಗುತ್ತಾನೆ.)

ಮದ್ದೂರಿನಲ್ಲಿ ಗೌಡರು ಗೇಟಿನ ಹತ್ತಿರವೇ ನಿಂತಿದ್ದರು. ಗರಿಗರಿ ಬಿಳಿ ಅಂಗಿ, ಬಾಚಿದ ಮೀಸೆ. ಕಾರಿನ ಬಾಗಿಲ ಕಡೆ ಕೈ ಚಾಚಿದರು. ಕೈ ಗಾಳಿಯಲ್ಲಿ ಒಂದಿಷ್ಟು ತಡಕಿ ಆಮೇಲೆ ಬಾಗಿಲಿಗೆ ಸಿಕ್ಕಿತು. ಮಂಜು ಇಳಿದು ಹೋಗಿ ಪಕ್ಕದಲ್ಲಿ ನಿಂತ. ಹಿಡಿದುಕೊಳ್ಳಲಿಲ್ಲ, ಬರೀ ನಿಂತ.

"ಯಾರ್ಲಾ, ಮಂಜನಾ?"

"ಹೂಂ ಸರ್."

"ದಪ್ಪ ಆಗಿದ್ದೀಯಂತೆ."

ಆಗಿದ್ದೀಯಂತೆ! ನಾನು ಸ್ಟೀರಿಂಗ್ ಹಿಡಿದುಕೊಂಡು ರಸ್ತೆ ಕಡೆ ನೋಡಿದೆ.

ಕೆ.ಎಂ. ದೊಡ್ಡಿ ದಾಟುವವರೆಗೂ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಗುರು ಶಿಷ್ಯರು. ಆಮೇಲೆ ಮಂಜು, "ಸರ್, ಸಿಸ್ಟರ್ ಕೇಸಲ್ಲಿ ಮ..." ಅಂದ.

"ಮಂಡ್ಯದಲ್ಲಿ ವಾಯ್ದೆ ಯಾವಾಗ ಅಂತಾನಾ? ಬರೋ ತಿಂಗ್ಳು," ಅಂದರು ಗೌಡರು.

ಕನ್ನಡಿಯಲ್ಲಿ ಮಂಜುವಿನ ಮುಖ ನೋಡಿದೆ. ನಗುತ್ತಿದ್ದ. ಅವನು ಕೇಳಬೇಕೆಂದದ್ದು ಅದಲ್ಲ ಅಂತ ನನಗೂ ಗೊತ್ತಾಯಿತು.

"ನೀನೇ ತಗೊಂಡೋಗ್ಲಾ ಈ ಕೇಸ್ನ," ಅಂದರು ಗೌಡರು. "ನಿಮ್ ಫರ್ಮಲ್ಲಿ ಅತಿರಥ ಮಹಾರಥ್ರು ಇರ್ತಾರಂತಲ್ಲ. ನಿಂಗೂ ಒಂದು ಕೇಸ್ ತಂದೆ ಅನ್ನೋ ಹೆಸ್ರು ಬರ್ಲಿ."

"ನಮ್ ಆಫೀಸು ಸಿಸ್ಟರ್‌ಗೆ ಆಗಲ್ಲ ಸರ್," ಅಂದ ಮಂಜು. "ಅಲ್ಲಿ ಒಳಗ್ ಬರ್ಬೇಕಾದ್ರೆ ಗೇಟಲ್ಲಿ ಫೋಟೋ ತೆಗೀತಾರೆ. ಅವ್ರು ಬೈಯ್ತಾರೆ."

ಗೌಡರು ಜೋರಾಗಿ ನಕ್ಕರು. ಎಷ್ಟೋ ವರ್ಷದ ಮೇಲೆ ಆ ನಗು ಕೇಳಿದೆ.

ಮಳವಳ್ಳಿಯಲ್ಲಿ ಸಿಸ್ಟರ್ ಮನೆ ಹೊಸ ಬಡಾವಣೆಯ ಕೊನೆಗೆ. ಹಜಾರದ ಗೋಡೆಯ ಮೇಲೆ ಬುದ್ಧನ ಫೋಟೋ, ಅಂಬೇಡ್ಕರ್ ಫೋಟೋ, ಕೆಳಗೆ ನರ್ಸಿಂಗ್ ಸ್ಕೂಲಿನ ಹುಡುಗಿಯರ ಸಾಲು. ಅದರಲ್ಲಿ ಎರಡು ಜಡೆ ಹಾಕಿಕೊಂಡವರು ಇವರೇ. ನಮ್ಮನ್ನು ಕೂರಿಸಿ, ಕಾಫಿ ತಂದು, ಲೋಟವನ್ನು ಗೌಡರ ಮುಂದೆ ಟೀಪಾಯ್ ಮೇಲೆ ಇಟ್ಟರು. ಗೌಡರ ಕೈ ಲೋಟದ ಪಕ್ಕಕ್ಕೆ ಹೋಯಿತು, ಆಮೇಲೆ ಲೋಟಕ್ಕೆ.

ಸಿಸ್ಟರ್ ನೋಡಿದರು. ಮೂವತ್ತು ವರ್ಷಕ್ಕೂ ಮೇಲೆ ವಾರ್ಡು ನೋಡಿಕೊಂಡವರು, ಅವರ ಕಣ್ಣಿಗೆ ಬೀಳದೆ ಇರುತ್ತದಾ? ಸೆರಗು ಸರಿ ಮಾಡಿಕೊಂಡು ಎದುರಿಗೆ ಕೂತರು.

"ಯೋಳಿ ಸಾ."

"ನೋಡವ್ವ ಸುಜಾತ," ಅಂತ ಶುರು ಮಾಡಿದರು ಗೌಡರು. "ನಾನ್ ಬಂದಿದ್ದು ಯಾಕಂದ್ರೆ... ನಿನ್ ಕೇಸು..." ನಿಂತರು. "ನಂಗೆ ಈಚೀಚೆಗೆ..." ಮತ್ತೆ ನಿಂತರು.

ಕೋರ್ಟು ಹಾಲ್ ಅದುರುವ ಹಾಗೆ ವಾದ ಮಾಡುತ್ತಿದ್ದ ಮನುಷ್ಯ. ಆ ದೊಡ್ಡ ದೇಹ ಸೋಫಾದಲ್ಲಿ ಮುದುಡಿಕೊಂಡಿತು. ನನಗೆ ತಡೆಯಲಾಗಲಿಲ್ಲ. ನಾನಾದರೂ ಹೇಳಿ ಅವರನ್ನು ಬಿಡಿಸಿಬಿಡೋಣ ಅಂತ ಬಾಯಿ ತೆರೆದೆ.

ಮಂಜು ನನ್ನ ಕಡೆ ನೋಡಿ, ಬೇಡ ಅಂತ ತಲೆ ಆಡಿಸಿದ.

ಕಾದೆವು. ಮಂಜು ಕಾದ, ಸಿಸ್ಟರ್ ಕಾದರು. ಇಬ್ಬರ ಮುಖದಲ್ಲೂ ಅವಸರವಿಲ್ಲ, ಅಯ್ಯೋ ಅನ್ನುವ ಭಾವವೂ ಇಲ್ಲ. ಬಸ್ಸು ಬರುವ ಹೊತ್ತಿಗೆ ಬರುತ್ತದೆ ಅಂತ ಕೂತವರ ಹಾಗೆ ಕೂತಿದ್ದರು. ನಾನು ಸೀರೆ ಅಂಚು ತಿರುಚುತ್ತಿದ್ದೆ.

"ನಂಗೆ ಕಣ್ಣು ಕಾಣಾಕಿಲ್ಲ ಕಣವ್ವ," ಅಂದರು ಗೌಡರು ಕೊನೆಗೆ. "ನಿನ್ ಕಾಗ್ದ ನಾನು ಓದಾಕಾಯ್ತಿಲ್ಲ. ನಿನ್ ಮುಖಾನೂ ಈಗ ನೆಪ್ಪಲ್ಲೇ ನೋಡ್ತಾ ಇವ್ನಿ."

ಸಿಸ್ಟರ್ ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತರು. ಅಳಲಿಲ್ಲ. "ಡ್ರಾಪ್ಸ್ ಟೈಮ್ ಟೈಮಿಗೆ ಆಕ್ತೀರಾ ಸಾ?" ಅಂದರು. "ಜಯಮ್ಮ ಆಕ್ತಾಳೆ." "ಅವ್ರ್ ಆಕುದ್ರೆ ಸರಿ. ನೀವಾದ್ರೆ ಮರ್ತ್‌ಬುಡ್ತೀರಿ. ಒಂದು ಹೊತ್ತೂ ತಪ್ಪುಸ್ಬ್ಯಾಡಿ." ಆಮೇಲೆ ಅವರ ಕೈ ಮೇಲೆ ಕೈಯಿಟ್ಟುಕೊಂಡು, "ಇದುನ್ನ ಮೊದ್ಲೇ ಯೋಳಿದ್ರೆ ನಾನು ನಿಮ್ಮತ್ರ ಅಂಗೆ ಹಟ ಮಾಡ್ತಿದ್ನಾ ಸಾ?" ಅಂದರು.

ಗೌಡರು ಇನ್ನೊಂದು ಕೈಯಿಂದ ಲೋಟ ತಡಕಿ, ಆರಿದ ಕಾಫಿಯನ್ನೇ ಕುಡಿದರು.

ಸಿಸ್ಟರ್ ಈಗ ಮಂಜುವಿನ ಕಡೆ ತಿರುಗಿದರು. ಅವನು ಜೂನಿಯರ್ ಆಗಿದ್ದಾಗ ಅವರ ಜಮೀನಿನ ಸರ್ವೆಗೆ ಬಿಸಿಲಲ್ಲಿ ನಿಂತವನು. ಅವರು ಮರೆತಿರಲಿಲ್ಲ. "ಮಂಜಣ್ಣ, ನೀನೇ ಆಕ್ಕೊಳಪ್ಪ ಕೋಟು. ಮಾತು ತಡವಾದ್ರೆ ಆಗ್ಲಿ. ಜಡ್ಜು ಕಾಯ್ತಾರೆ, ಅವ್ರಿಗೆ ಸಂಬ್ಳ ಕೊಡೋದೇ ಅದುಕ್ಕೆ."

ಗೌಡರ ಮುಖ ಇವನ ಕಡೆ ತಿರುಗಿತು. ನಾನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ನನ್ನೊಳಗೆ ಒಂದು ಸಿನಿಮಾ ಶುರುವಾಗಿಬಿಟ್ಟಿತ್ತು. ತಮ್ಮ ಮತ್ತೆ ಕರಿಕೋಟು ಹಾಕಿ, ಗುರುವಿನ ಕೊನೆಯ ಕೇಸು ಗೆದ್ದು... ನಿಮಗೂ ಈಗ ಅದೇ ಓಡುತ್ತಿದೆ ಅಲ್ಲವಾ?

"ಇಲ್ಲ ಸಿಸ್ಟರ್," ಅಂದ ಮಂಜು. "ನಾನು ಲಾಯರ್ ಸನ್ನದು ಅಮಾನತಲ್ಲಿ ಇಡ್ಸಿದೀನಿ, ಸಂಬಳದ ಕೆಲ್ಸಕ್ಕೆ ಸೇರ್ದಾಗ್ಲೇ. ಬೇಕಂದ್ರೆ ವಾಪಸ್ ತಗೋಬಹುದು. ಆದ್ರೆ ನಂಗೆ ಬೇಡ." ನಿಂತ. ನಾಲಿಗೆ ಒಂದು ಅಕ್ಷರದ ಮೇಲೆ ಒದ್ದಾಡಿತು. ಈ ಸಲ ಯಾರೂ ಅದನ್ನು ಮುಗಿಸಿಕೊಡಲಿಲ್ಲ. "ವ... ವಾದ ಮಾಡೋದು ನಂಗೆ ಇಷ್ಟ ಇಲ್ಲ. ಯಾವತ್ತೂ ಇಷ್ಟ ಇರ್ಲಿಲ್ಲ. ತೊದಲು ಅಂತ ಅಲ್ಲ. ಕಕ್ಷಿದಾರ್ರು ಹೊರಗೆ ಬೆಂಚ್ ಮೇಲೆ ಕೂತು ಅವ್ರ ಕತೆ ಹೇಳ್ತಾರಲ್ಲ, ನಂಗೆ ಅದು ಇಷ್ಟ. ಒಳಗ್ ಹೋದ್ಮೇಲೆ ಅದ್ರಲ್ಲಿ ಅರ್ಧ ಯಾರಿಗೂ ಬೇಕಾಗಲ್ಲ. ಈಗ ನಾನು ದಿನಾ ಮಾಡೋದು ಆ ಬೆಂಚಿನ್ ಕೆಲ್ಸಾನೇ. ನಂಗೆ ಈ ಕೆಲ್ಸ ಬಾಳ ಇಷ್ಟ ಸಿಸ್ಟರ್."

ಅಷ್ಟು ಉದ್ದ ಮಾತನ್ನು ಅವನು ಒಂದೇ ಸಲಕ್ಕೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ವರ್ಷ ನಾವು ಯಾರಿಗಾಗಿ ‘ಪಾಪ’ ಅಂದೆವು? ನಮ್ಮಮ್ಮ ಯಾರಿಗಾಗಿ ಸೆರಗು ನೆನೆಸಿಕೊಂಡರು?

ಸಿಸ್ಟರಿಗೆ ಇದೆಲ್ಲ ದೊಡ್ಡ ವಿಷಯ ಅನ್ನಿಸಿದ ಹಾಗೆ ಕಾಣಲಿಲ್ಲ. "ಸರಿ ಬುಡು. ಇಷ್ಟ ಇಲ್ದೋರ್ ಕೈಲಿ ನಂಗ್ಯಾಕೆ ಇಂಜೆಕ್ಷನ್ನು. ಮತ್ತೆ ನಾನ್ ಯಾರತ್ರ ಓಗ್ಲಿ?"

ಆಗ ನಾನು ನನ್ನ ತಮ್ಮನ ಕೆಲಸವನ್ನು ಮೊದಲ ಸಲ ಕಣ್ಣಾರೆ ನೋಡಿದೆ.

ಅವನು ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಂಡ. ಒಳ್ಳೆಯ ವಕೀಲರ ಹೆಸರು ಹೇಳಲಿಲ್ಲ. "ಗೌಡ್ರಲ್ಲಿ ನಿಮ್ಗೆ ಏನ್ ಹಿಡಿಸ್ತು ಸಿಸ್ಟರ್?" ಅಂತ ಕೇಳಿ ಸುಮ್ಮನಾದ.

ಸಿಸ್ಟರ್ ಯೋಚಿಸಿದರು. "ಫೋನ್ ಎತ್ತೋರು. ಎತ್ತಿ ಬೈಯೋರು, ಆದ್ರೆ ಎತ್ತೋರು." ಗೌಡರು ಕೆಮ್ಮಿದರು. "ಆಮ್ಯಾಕೆ, ಮೊದುಲ್ನೇ ದಿವ್ಸ ಹಳೇ ಮನೇಗೆ ಬಂದಿದ್ರಲ್ಲ, ನಾನು ಕೇಳೋಕೆ ಮುಂಚೇನೇ ‘ಒಂದ್ ಲೋಟ ನೀರ್ ಕೊಡವ್ವ’ ಅಂದ್ರು. ಅದುಕ್ ಮುಂಚೆ ಬಂದ ವಕೀಲ್ರು ಜಗ್ಲಿ ಮೇಲೇ ನಿಂತ್ಕೊಂಡು ಮಾತಾಡಿ ಓಗಿದ್ರು."

ಮಂಜು ತಲೆಯಾಡಿಸಿದ. "ಇನ್ನೇನ್ ಇರ್ಬೇಕು?"

"ಎದ್ರು ಪಾರ್ಟಿ ವಕೀಲ್ರ ಜೊತೆ ಕಾಫಿ ಕುಡೀಬಾರ್ದು." ಸ್ವಲ್ಪ ತಡೆದು, "ಕುಡಿದ್ರೂ ಕುಡೀಲಿ, ಒಂದೇ ಕೋರ್ಟಲ್ಲಿ ಇರೋರು. ಆದ್ರೆ ನಂಗೆ ಯೋಳ್ಬೇಕು. ಬ್ಯಾರೇರ್ ಬಾಯಲ್ಲಿ ನಾನು ಕೇಳ್ಬಾರ್ದು."

ಹೀಗೇ ಬಹಳ ಹೊತ್ತು. ಅವನು ಕೇಳಿದ್ದು ಕಮ್ಮಿ, ಕಾದದ್ದು ಜಾಸ್ತಿ. ಸಿಸ್ಟರ್ ಅಮ್ಮನ ಕಾಲದಿಂದಲೂ ಜನ ಓಡಾಡುತ್ತಿದ್ದ ಆ ದಾರಿಯ ಕತೆ ಬಂತು, ಬೇಲಿಯಾಚೆಯ ಹುಣಸೆ ಮರ ಬಂತು, ದಾರಿ ಸಿಕ್ಕರೆ ಅಲ್ಲೊಂದು ಕೋಣೆ ಕಟ್ಟಿ ಊರಿನ ಹೆಣ್ಣುಮಕ್ಕಳಿಗೆ ಬಿಪಿ ನೋಡುತ್ತಾ ಕೂರಬೇಕೆಂಬ ಆಸೆ ಬಂತು. ಅದು ಗೌಡರಿಗೂ ಗೊತ್ತಿರಲಿಲ್ಲವಂತೆ. ಎಲ್ಲ ಕೇಳಿ ಆದ ಮೇಲೆ ಮಂಜು ಹೇಳಿದ: "ಮಂಡ್ಯದಲ್ಲಿ ರೂಪಾ ಅಂತ ಒಬ್ರು ವಕೀಲ್ರು ಇದ್ದಾರೆ."

ಗೌಡರು ನೆಟ್ಟಗೆ ಕೂತರು. "ಯಾರು, ಆ ಎಣ್ಮಗಳಾ? ನನ್ ಎದ್ರಿಗೇ ನಿಂತ್ಕೊಂಡು ಕೇಸ್ ಗೆದ್ದೋಳು ಕಣ್ಲಾ ಅವ್ಳು!"

"ಅದುಕ್ಕೇ ಸರ್," ಅಂದ ಮಂಜು.

ಸಿಸ್ಟರ್ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗೌಡರು ಮೀಸೆ ತಿರುವಿದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಅಲ್ಲಿಂದಲೇ ರೂಪಾಗೆ ಫೋನ್ ಮಾಡಿದೆವು. ಆ ಹುಡುಗಿ ಮೊದಲು ಕೇಳಿದ್ದು, "ಗೌಡ್ರು ಸರ್ ಒಪ್ಪಿದ್ದಾರಾ?" ಅಂತ. ಹೊಸ ವಕೀಲರು ಕೇಸಿಗೆ ಬರಬೇಕಾದರೆ ಹಳೆಯವರು ‘ನನ್ನ ಅಭ್ಯಂತರವಿಲ್ಲ’ ಅಂತ ಸಹಿ ಮಾಡಿಕೊಡಬೇಕು. ಗೌಡರು ಫೋನ್ ತೆಗೆದುಕೊಂಡು, "ಒಪ್ದೇ ಏನವ್ವ, ಸೈನ್ ಮಾಡೋ ಜಾಗದ ಮೇಲೆ ನನ್ ಬೆಳ್ಳು ಇಡ್ಸು, ಮಾಡ್ತೀನಿ," ಅಂದರು. ಈ ಸಲ ಆ ಮಾತು ಹೇಳಲು ಅವರು ಎಲ್ಲೂ ನಿಲ್ಲಲಿಲ್ಲ.

ವಾಪಸ್ ಬರುವಾಗ ಗೌಡರು ಸೀಟಿಗೆ ತಲೆಯೊರಗಿಸಿದ್ದರು. ನಿದ್ದೆ ಬಂತೇನೋ ಅಂದುಕೊಂಡೆ.

"ಅಲ್ಲ ಕಣ್ಲಾ," ಅಂದರು ಇದ್ದಕ್ಕಿದ್ದ ಹಾಗೆ. "ವಾದ ಇಷ್ಟ ಇಲ್ಲ ಅಂತ ಅವತ್ತೇ ಯಾಕ್ಲಾ ಯೋಳ್ನಿಲ್ಲ ನಂಗೆ?"

"ಹೇಳೋಕೆ ಬಂದಿದ್ದೆ ಸರ್."

"ಯಾವಾಗ್ಲಾ?"

"ಕೊನೇ ದಿನ. ನಿಮ್ ಆಫೀಸಲ್ಲಿ. ‘ಸರ್, ವ... ವಾದ ಮಾಡೋದು ನಂಗೆ’ ಅಲ್ಲೀವರೆಗೂ ಬಂದೆ. ನೀವು ‘ಆಯ್ತಾ ಇಲ್ಲ ಅಂತ ಕೊರಗ್ಬೇಡ ಕಣ್ಲಾ’ ಅಂದ್ಬಿಟ್ರಿ. ಕಣ್ಣಲ್ಲಿ ನೀರು ಹಾಕ್ಕೊಂಡ್ರಿ. ನನ್ ಬೆನ್ ಸವರಿದ್ರಿ. ಅದಾದ್ಮೇಲೆ ನಾನ್ ಹೆಂಗ್ ಹೇಳ್ಲಿ ಸರ್, ಇಷ್ಟಾನೇ ಇಲ್ಲ ಅಂತ?"

ಗೌಡರು ಉಸಿರು ಬಿಟ್ಟ ಸದ್ದು ನನಗೆ ಮುಂದಿನ ಸೀಟಿಗೆ ಕೇಳಿಸಿತು.

"ನಾನು ಏನಂದ್ಕೊಂಡಿದ್ದೆ ಗೊತ್ತೇನ್ಲಾ? ಜಡ್ಜ್ ಮುಂದೆ ನಿನ್ ಮಾತ್ನೆಲ್ಲ ನಾನೇ ಆಡ್ಬುಟ್ಟು, ನಿನ್ ನಾಲ್ಗೆ ಸಾಯ್ಸ್‌ಬುಟ್ಟೆ ಅಂತ. ನಿನ್ ಬದುಕು ಕಿತ್ಕೊಂಡೆ ಅಂತ. ಅದುಕ್ಕೇ ನಿಂಗೆ ಮುಖ ತೋರ್ಸ್ನಿಲ್ಲ. ಯುಗಾದಿಗೆ ನಿನ್ ಮೆಸೇಜ್ ಬಂದ್ರೆ ಮೊದ್ಲೆಲ್ಲ ನಾನೇ ಓದಿ, ಈಚೀಚೆಗೆ ಜಯಮ್ಮನ ಕೈಲಿ ಓದ್ಸಿ ಓದ್ಸಿ ಕೇಳಿ, ಫೋನ್ ಮಡುಗ್ಬುಡ್ತಿದ್ದೆ."

ಮಂಜು ಅವರ ಕೈ ಹಿಡಿದುಕೊಂಡ. ಬೆಳಿಗ್ಗೆ ಹಿಡಿಯದವನು ಈಗ ಹಿಡಿದುಕೊಂಡ. "ಏನೂ ಕಿತ್ಕೊಂಡಿಲ್ಲ ಸರ್. ಆ ಬೆಂಚು ತೋರ್ಸಿದ್ದು ನೀವೇ," ಅಂದ.

ಮದ್ದೂರು ಬರುವವರೆಗೂ ಇಬ್ಬರೂ ಕೈ ಬಿಡಲಿಲ್ಲ. ನಾನು ಎಫ್‌ಎಂ ಹಾಕಿದೆ. ಒಬ್ಬರು ಮೂಗು ಸೇದುವುದು ಇನ್ನೊಬ್ಬರಿಗೆ ಕೇಳಿಸದಿರಲಿ ಅಂತ. (ನನ್ನದೂ ಸೇರಿ.)

ರೂಪಾ ಮರುವಾರವೇ ಮಳವಳ್ಳಿಗೆ ಹೋಗಿ ಬಂದಳು. ಅಪೀಲು ಇನ್ನೂ ನಡೆಯುತ್ತಿದೆ. ಏನಾಗುತ್ತದೋ ಗೊತ್ತಿಲ್ಲ. ಆದರೆ ಮೊನ್ನೆ ಸಿಸ್ಟರ್ ಮಂಜುವಿಗೆ ಫೋನ್ ಮಾಡಿ, "ರೂಪಮ್ಮ ಎದ್ರು ಪಾರ್ಟಿ ವಕೀಲ್ರ ಜೊತೆ ಕಾಫಿ ಕುಡುದ್ರಂತೆ. ಅವ್ರೇ ಫೋನ್ ಮಾಡಿ ಯೋಳುದ್ರು ಕಣಪ್ಪ," ಅಂದರಂತೆ. ಅವರ ದನಿಯಲ್ಲಿ ಕೇಸು ಗೆದ್ದಷ್ಟೇ ಖುಷಿ ಇತ್ತು ಅಂದ ಇವನು. ಸಂಬಳವಿಲ್ಲದ ಈ ಕೆಲಸದ ಬಗ್ಗೆ ಆಫೀಸಿನಲ್ಲೂ ಹೇಳಿದನಂತೆ. ಅವನ ಬಾಸ್ ಕೇಳಿ, ಇದನ್ನು ನಮ್ಮ ಹೊಸ ಹುಡುಗರಿಗೆ ಒಂದು ಸಲ ಹೇಳು ಅಂದರಂತೆ. ಇವನು ಒಪ್ಪಿದ್ದಾನೆ. ತೊದಲುತ್ತಲೇ ಹೇಳುತ್ತಾನೆ, ಅವರು ಕಾಯಲಿ.

ನಾವು ಎಂಥ ಜನ ನೋಡಿ. ಯಾರೇ ಸಿಗಲಿ, ಮೊದಲು ಕೇಳುವುದು ‘ಏನ್ ಕೆಲ್ಸ?’ ಆಮೇಲೆ ‘ಎಷ್ಟ್ ಬರುತ್ತೆ?’ ಅದಾದ ಮೇಲೆ ‘ಪರ್ಮನೆಂಟಾ?’ ಉತ್ತರ ಅರ್ಥವಾಗದಿದ್ದರೆ ಒಂದು ‘ಪಾಪ’ ಅಂದು ಮುಂದೆ ಹೋಗುತ್ತೇವೆ. ಪಾಪ ಅನ್ನುವುದು ಬಹಳ ಸುಲಭ. ಏನೂ ಕೇಳಬೇಕಾಗಿಲ್ಲ. ಯಾರಿಗೂ ಕಾಯಬೇಕಾಗಿಲ್ಲ. ಮನಸ್ಸಿಗೂ ಒಳ್ಳೆಯವರಾದ ಹಾಗೆ ಅನ್ನಿಸುತ್ತದೆ.

ನಿನ್ನೆ ಬೆಳಿಗ್ಗೆ ನಮ್ಮ ಯಜಮಾನರು ತಿಂಡಿ ತಿನ್ನುತ್ತಿದ್ದರು. ಅವರು ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಹಿಂದೆ ಬಿದ್ದಿರುವ ವಿಜ್ಞಾನಿ. ಮದುವೆಯಾದಾಗಿನಿಂದ ಅವರು ಮನೆಗೆ ಬರುವುದೇ ಪ್ಯಾಂಟಿನ ಅಂಚಿಗೆ ಗದ್ದೆ ಕೆಸರು ಮೆತ್ತಿಕೊಂಡು. ತೊಳೆಯುವವಳು ನಾನು. ಹಾಗೇ ಕೇಳಿದೆ: "ರೀ, ನಿಮಗೆ ನಿಮ್ಮ ಕೆಲಸ ಇಷ್ಟವಾ?"

ಇಡ್ಲಿ ಅರ್ಧಕ್ಕೆ ನಿಂತಿತು. "ಯಾಕೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಅನ್ನಲಿಲ್ಲ. ನಾನೇ ಕೇಳ್ತಿದ್ದೀನಿ."

ಅವರು ಕಿಟಕಿ ಕಡೆ ನೋಡಿದರು. ನಾಲಿಗೆ ತುದಿಯಲ್ಲಿ ನನಗೆ ನಾಲ್ಕು ಉತ್ತರ ಸಿದ್ಧವಾಗಿದ್ದವು. ಕಚ್ಚಿ ಹಿಡಿದೆ. ಕಾಫಿ ಆರುತ್ತಾ ಬಂತು.

"ಗದ್ದೆ ಇಷ್ಟ," ಅಂದರು ಕೊನೆಗೆ. "ಬೆಳಿಗ್ಗೆ ಬೇಗ ಹೋದರೆ ತೆನೆ ಮೇಲೆ ಇನ್ನೂ ಇಬ್ಬನಿ ಇರುತ್ತೆ. ಒಬ್ಬನೇ ಬದುವಿನ ಮೇಲೆ ನಡೀತೀನಿ. ಆ ಹೊತ್ತಿಗೋಸ್ಕರವೇ ನಾನು ಇಷ್ಟು ವರ್ಷ ಟ್ರಾನ್ಸ್‌ಫರ್ ಕೇಳಲಿಲ್ಲ." ಇಷ್ಟು ಹೇಳಿ ನಾಚಿಕೊಂಡವರ ಹಾಗೆ ಚಟ್ನಿ ಬಡಿಸಿಕೊಂಡರು. ಟ್ರಾನ್ಸ್‌ಫರ್ ಕೇಳದೆ ಉಳಿದದ್ದು ನನ್ನ ಕಾಲೇಜಿನ ಸಲುವಾಗಿ ಅಂತಲೇ ನಾನು ಇಷ್ಟು ವರ್ಷವೂ ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಆಮೇಲೆ ಅವರು ತಲೆ ಎತ್ತಿ, "ನಿನಗೆ?" ಅಂದರು.

ದಿನಾ ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವಳಿಗೆ, ವಾರ ವಾರ ನಿಮ್ಮ ಮುಂದೆ ಇಷ್ಟುದ್ದ ಬರೆಯುವವಳಿಗೆ, ಒಂದು ಮಾತೂ ಹೊರಡಲಿಲ್ಲ. ಅವರು ಎದುರಿಗೆ ಸುಮ್ಮನೆ ಕಾಯುತ್ತಾ ಕೂತರು. ನಿಮ್ಮನ್ನು ಹಾಗೆ ಕೇಳಿ ಕಾಯುವವರು ಯಾರಿದ್ದಾರೆ?